ಕೆಪಾಸಿಟರಿಗೆ ಇಟ್ಟ ಕುಂಕುಮ

ಈಚೆಗೆ ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಿದ್ದೆ. ದಸರಾ ಹತ್ತಿರ ಬಂದಿತ್ತು. ಗವರ್ನರ್‌ಪೇಟೆಯ ಎಲೆಕ್ಟ್ರಿಕ್ ಅಂಗಡಿಗಳ ಸಾಲಿನಲ್ಲಿ ಪೇಂಟರ್ ಒಬ್ಬ ಸ್ಟೂಲಿನ ಮೇಲೆ ನಿಂತು ಅಂಗಡಿಯ ಶಟರಿಗೆ ಬೂದು ಎನಾಮೆಲ್ ಬಳಿಯುತ್ತಿದ್ದ. ಆಟೋಗಳ ಹೊಗೆ, ಪಕ್ಕದ ಹೋಟೆಲಿನ ಪೆಸರಟ್ಟಿನ ವಾಸನೆ, ಚರಂಡಿ, ಎಲ್ಲದರ ನಡುವೆ ಎನಾಮೆಲ್ ಮತ್ತು ಟರ್ಪೆಂಟೈನಿನ ವಾಸನೆ ಮೂಗಿಗೆ ಬಂದದ್ದೇ, ನನ್ನ ಬಲಗೈಯ ಉಂಗುರ ಬೆರಳು ತಾನಾಗಿಯೇ ಅಂಗೈಯೊಳಗೆ ಮಡಚಿಕೊಂಡಿತು. ಎಡಗೈ ಕುರ್ತಾದ ಕಿಸೆಗೆ ಹೋಯಿತು. ನಾನು ರಸ್ತೆ ದಾಟಿ ಎದುರು ಬದಿಗೆ ಹೋಗಿ ನಿಂತೆ. ಅಲ್ಲಿಯೂ ವಾಸನೆ ಇತ್ತು.

ಆ ವಾಸನೆಗೆ ಒಂದು ಮಳೆಗಾಲ ಅಂಟಿಕೊಂಡಿದೆ. ಆಗ ನಾನು ಇಂಜಿನಿಯರಿಂಗ್ ಮುಗಿಸಿ ಅರಸೀಕೆರೆಯಿಂದ ವಿಶಾಖಪಟ್ಟಣಕ್ಕೆ ಬಂದು ಒಂದು ವರ್ಷವೂ ಆಗಿರಲಿಲ್ಲ. ನಾನಿದ್ದದ್ದು ಹಳೆಯ ರಾಡಾರ್‌ಗಳನ್ನು ನೋಡಿಕೊಳ್ಳುವ ಗುತ್ತಿಗೆ ಹಿಡಿದ ಒಂದು ಸಣ್ಣ ಕಂಪನಿಯಲ್ಲಿ. ಸಮುದ್ರಕ್ಕೆ ಮುಖಮಾಡಿದ ಗುಡ್ಡವೊಂದರ ಮೇಲೆ ಅಂಥ ಒಂದು ರಾಡಾರ್ ಇತ್ತು. ಅದು ಯಾರದು, ಯಾವ ಗುಡ್ಡ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೋಡ, ಮಳೆ, ಬಂಗಾಳಕೊಲ್ಲಿಯಲ್ಲಿ ಏಳುವ ಸುಳಿ ಇವನ್ನು ನೋಡುವುದು ಅದರ ಕೆಲಸ. ಕೆಳಗೆ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಉಪ್ಪುಗಾಳಿಗೆ ಗುಡ್ಡದ ಮೇಲಿನ ಬಾಗಿಲು, ಬೋಲ್ಟು, ಬಕೆಟ್ಟಿನ ಹಿಡಿ ಎಲ್ಲಕ್ಕೂ ತುಕ್ಕು.

ಅಲ್ಲಿ ನಾವು ಮೂವರು. ಹಿರಿಯರು ಹೊಸಮನಿ ಸರ್, ಧಾರವಾಡದವರು. ಇಪ್ಪತ್ತು ವರ್ಷಕ್ಕೂ ಮೇಲೆ ವಿಶಾಖಪಟ್ಟಣದಲ್ಲಿದ್ದರೂ ಅವರ ಮಾತು ಧಾರವಾಡ ಬಿಟ್ಟು ಕದಲಿರಲಿಲ್ಲ. ಅವರ ಮಗಳು ಮಾತ್ರ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು. ಎರಡನೆಯವರು ಟೆಕ್ನಿಷಿಯನ್ ಅಪ್ಪಲರಾಜು, ಸಿಂಹಾಚಲಂ ಬೆಟ್ಟದ ಕೆಳಗಿನ ಊರಿನವರು. ಆ ಬೆಟ್ಟದ ದೇವರು ಅಪ್ಪನ್ನನ ಹೆಸರನ್ನೇ ಇಟ್ಟುಕೊಂಡವರು. ಹೊಸಮನಿ ಸರ್ ಜೊತೆ ಇದ್ದು ಇದ್ದು ಕನ್ನಡ ಕಲಿತಿದ್ದರು, ಅದೂ ಧಾರವಾಡದ ಕನ್ನಡ. ನಾನು ಮೊದಲ ದಿನ ಹೋದಾಗ, "ಬರ್ರೀ ಮೇಡಂ ಗಾರು, ಕೂಡ್ರಿ, ಚಹಾ ತಾಗುತಾರಾ?" ಎಂದಿದ್ದರು. ಕುಡಿಯುತ್ತೀರಾ ಎಂದು.

ರಾಡಾರ್ ಎಂದರೆ ಮೇಲೆ ತಿರುಗುವ ಬಟ್ಟಲು ಎಂದೇ ನಾನೂ ತಿಳಿದಿದ್ದೆ. ಕಾಲೇಜಿನಲ್ಲಿ ಓದಿದ್ದು ಸಮೀಕರಣ. ಟ್ರಾನ್ಸ್‌ಮಿಟರಿನ ಪವರ್ ಸಪ್ಲೈ ಎಂಬ, ಬೀರುವಿಗಿಂತ ದೊಡ್ಡದಾದ ಕಬ್ಬಿಣದ ಪೆಟ್ಟಿಗೆಯ ಮುಂದೆ ನನ್ನನ್ನು ನಿಲ್ಲಿಸಿ ಹೊಸಮನಿ ಸರ್ ಪಾಠ ಹೇಳಿದರು.

"ನೋಡ ತಂಗಿ, ರಾಡಾರ್ ಕೂಗೋದು ಒಂದ ಚಣ. ಉಳಿದ ಹೊತ್ತೆಲ್ಲಾ ಸುಮ್ನ ಕುಂತು ಕೇಳತೈತಿ. ಆ ಒಂದ ಚಣದ ಕೂಗು ಎಷ್ಟ ಜೋರ ಇರಬೇಕಂದ್ರ, ಕಂಬದಿಂದ ಬರೋ ಕರೆಂಟಿಗೆ ಅಷ್ಟ ತಾಕತ್ತಿಲ್ಲ. ಅದಕ್ಕ ಏನ ಮಾಡತೀವಿ? ನಮ್ಮ ಧಾರವಾಡದಾಗ ನಳಾ ಎಂಟ ದಿನಕ್ಕೊಮ್ಮೆ ಬರತೈತಿ, ಅದೂ ಸಣ್ಣಗ. ಹಿಡದು ಹಿಡದು ಟಾಕಿ ತುಂಬಿಸಿ ಇಡತೀವಿ. ಬೇಕಾದಾಗ ಒಮ್ಮೆ ಧಡಲ್ ಅಂತ ಸುರೀತೀವಿ. ಇದೂ ಹಂಗs."

ಆ ಪೆಟ್ಟಿಗೆಯೊಳಗೆ ನಡೆಯುವುದು ಇಷ್ಟೆ. ಮೂರು ಫೇಸಿನ ಕರೆಂಟ್ ಒಂದು ಟ್ರಾನ್ಸ್‌ಫಾರ್ಮರಿಗೆ ಬರುತ್ತದೆ. ಅದು ವೋಲ್ಟೇಜನ್ನು ಸಾವಿರಗಳಿಗೆ ಏರಿಸುತ್ತದೆ. ಡಯೋಡುಗಳ ಸಾಲು ಅದನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುತ್ತದೆ. ಹಾಗೆ ಬಂದದ್ದು ಎಣ್ಣೆ ತುಂಬಿದ ಡಬ್ಬದಂಥ ದೊಡ್ಡ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಹೊಸಮನಿ ಸರ್ ಹೇಳಿದ ಟಾಕಿ ಅದೇ. ಅಲ್ಲಿಂದ ಅಳತೆಯ ಪ್ರಕಾರ ತೆಗೆದು, ಕಣ್ಣು ಮಿಟುಕಿಸುವುದಕ್ಕೂ ಎಷ್ಟೋ ಮೊದಲು ಒಂದು ಸ್ವಿಚ್ಚು ಅದನ್ನು ಮ್ಯಾಗ್ನೆಟ್ರಾನಿನ ಮೇಲೆ ಸುರಿಯುತ್ತದೆ. ಮ್ಯಾಗ್ನೆಟ್ರಾನ್ ಅದನ್ನು ಅಲೆಯಾಗಿಸಿ ಬಟ್ಟಲಿಗೆ ಕಳಿಸುತ್ತದೆ. ಒಂದು ಸೆಕೆಂಡಿನಲ್ಲಿ ಹೀಗೆ ನೂರಾರು ಸಲ.

ಸ್ವಿಚ್ ಆರಿಸಿದಾಗ ತೊಂದರೆ ಶುರುವಾಗುತ್ತದೆ. ಹೊರಗಿನ ಕರೆಂಟ್ ನಿಂತರೂ ಟಾಕಿಯಲ್ಲಿ ತುಂಬಿದ್ದು ಹಾಗೇ ಇರುತ್ತದೆ. ಅದನ್ನು ಮೆಲ್ಲಗೆ ಸೋರಿಸಿಬಿಡಲು ಕೆಪಾಸಿಟರಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಹಾಕಿರುತ್ತಾರೆ. ಅದಕ್ಕೆ ಬ್ಲೀಡರ್ ಎನ್ನುತ್ತಾರೆ. ಒಂದೆರಡು ನಿಮಿಷದಲ್ಲಿ ಅದು ಕೆಪಾಸಿಟರನ್ನು ಖಾಲಿ ಮಾಡುತ್ತದೆ. ಮುಂಭಾಗದ ಹೈವೋಲ್ಟೇಜ್ ಮೀಟರಿಗೂ ಆ ಬ್ಲೀಡರಿನಿಂದಲೇ ತಂತಿ ಹೋಗುತ್ತಿತ್ತು. ಇಷ್ಟರ ಮೇಲೂ ಯಾರೂ ಬ್ಲೀಡರನ್ನು ನಂಬಿ ಕೈ ಹಾಕುವುದಿಲ್ಲ. ಅದಕ್ಕೇ ಅರ್ತಿಂಗ್ ರಾಡ್ ಇರುವುದು. ಉದ್ದನೆಯ ಫೈಬರ್ ಕೋಲು, ತುದಿಯಲ್ಲಿ ಹಿತ್ತಾಳೆಯ ಕೊಕ್ಕೆ, ಕೊಕ್ಕೆಯಿಂದ ಇಳಿಬಿದ್ದ ತಾಮ್ರದ ಹೆಣಿಗೆ ತಂತಿ, ಅದರ ಕೊನೆಗೆ ಒಂದು ಕ್ಲಿಪ್ಪು. ಕ್ಲಿಪ್ಪನ್ನು ಪೆಟ್ಟಿಗೆಯ ಚೌಕಟ್ಟಿಗೆ ಕಚ್ಚಿಸಿ, ಕೊಕ್ಕೆಯನ್ನು ಕೆಪಾಸಿಟರಿನ ತಲೆಗೆ ಮುಟ್ಟಿಸಿದರೆ ಉಳಿದದ್ದೆಲ್ಲ ನೆಲಕ್ಕಿಳಿಯುತ್ತದೆ. ಕ್ಲಿಪ್ಪು ಕಚ್ಚುತ್ತಿದ್ದ ಜಾಗದಲ್ಲಿ ಚೌಕಟ್ಟಿನ ಹಳೇ ಬಣ್ಣ ಎಂದೋ ಕಿತ್ತುಹೋಗಿ ಬೋಳು ಕಬ್ಬಿಣ ಹೊಳೆಯುತ್ತಿತ್ತು. ಕ್ಲಿಪ್ಪಿನ ಹಲ್ಲುಗಳು ಸವೆದು ನುಣ್ಣಗಾಗಿದ್ದವು.

ನಾನಿದ್ದಷ್ಟು ದಿನ ರಾಡ್ ಮುಟ್ಟಿಸಿದಾಗ ಯಾವ ಸದ್ದೂ ಬಂದದ್ದಿಲ್ಲ. ಬ್ಲೀಡರ್ ತನ್ನ ಕೆಲಸ ಮಾಡಿರುತ್ತಿತ್ತು. ಸದ್ದಿಲ್ಲ ಎಂದರೆ ಖಾಲಿ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಇನ್ನೊಂದು ನಿಯಮ ಕಿಸೆಯದು. ಪೆಟ್ಟಿಗೆಯೊಳಗೆ ಬಲಗೈ ಹೋಗುವಾಗ ಎಡಗೈ ಕಿಸೆಯಲ್ಲಿರಬೇಕು. ಎರಡೂ ಕೈ ಕಬ್ಬಿಣ ಮುಟ್ಟಿದರೆ ಕರೆಂಟ್ ಒಂದು ಕೈಯಿಂದ ಎದೆಯ ಮೂಲಕ ಇನ್ನೊಂದು ಕೈಗೆ ದಾಟುತ್ತದೆ. ಹೊಸಮನಿ ಸರ್ ನನ್ನ ಚೂಡಿದಾರ ನೋಡಿ ಹಣೆ ಚಚ್ಚಿಕೊಂಡಿದ್ದರು. "ಕಿಸೇನ ಇಲ್ಲಲ್ಲ ಯವ್ವಾ ಇದಕ್ಕ! ಹೊಲಿದಂವ ಹೆಣ್ಮಕ್ಕಳಿಗೆ ಕರೆಂಟ್ ಹೊಡಿಯೂದಿಲ್ಲ ಅನ್ಕೊಂಡಾನೇನು?" ಆ ವಾರವೇ ಟೈಲರನ ಹತ್ತಿರ ಹೋಗಿ ಇದ್ದ ಕುರ್ತಾಗಳಿಗೆಲ್ಲ ಎಡಗಡೆ ಕಿಸೆ ಹಾಕಿಸಿದೆ.

ಆ ವರ್ಷ ಜುಲೈಯ ಮಳೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಸಿಡಿಲಿನ ಹೊಡೆತವೋ, ಒಳಗೆ ತೇವ ಹೋಗಿತ್ತೋ ತಿಳಿಯಲಿಲ್ಲ. ವಾಸನೆ ಮೊದಲು ಬಂತು, ಆಮೇಲೆ ಹೊಗೆ. ಹೊಸದು ತರಿಸಲು ಆ ಮಾದರಿಯೇ ಈಗ ತಯಾರಾಗುತ್ತಿರಲಿಲ್ಲ. ವಿಜಯವಾಡದಲ್ಲಿ ಹೈವೋಲ್ಟೇಜ್ ಕಾಯಿಲ್ ಸುತ್ತುವ ವೆಂಕಟರತ್ನಂ ಎಂಬ ಹಿರಿಯರಿದ್ದರು. ಅವರ ಹತ್ತಿರ ಅದನ್ನು ಕಳಿಸಿದೆವು. ಉಳಿದ ಭಾಗಗಳನ್ನು ಹೊಸಮನಿ ಸರ್ ಕಣ್ಣಿನಿಂದ ನೋಡಿದರು. ಬ್ಲೀಡರ್ ಕಪ್ಪಾಗಿರಲಿಲ್ಲ, ಬಿರುಕು ಬಿಟ್ಟಿರಲಿಲ್ಲ. ಅದರ ಒಳಗಿನ ತಂತಿ ಟ್ರಾನ್ಸ್‌ಫಾರ್ಮರಿನ ಜೊತೆಗೇ ಕಡಿದುಹೋಗಿದ್ದು ಹೊರಗಿನಿಂದ ಯಾರಿಗೂ ಕಾಣುವಂತಿರಲಿಲ್ಲ.

ಆಗಸ್ಟ್, ಸೆಪ್ಟೆಂಬರ್ ಪೆಟ್ಟಿಗೆ ಸತ್ತು ಬಿದ್ದಿತ್ತು. ಕೈಕಟ್ಟಿ ಕೂರುವುದು ಅಪ್ಪಲರಾಜು ಅವರಿಗೆ ಆಗದ ಮಾತು. ದಸರಾಕ್ಕೆ ಹೇಗೂ ಎಲ್ಲ ಒಪ್ಪ ಮಾಡಬೇಕು, ಟ್ರಾನ್ಸ್‌ಫಾರ್ಮರ್ ಇಲ್ಲದ ಈಗಲೇ ಒಳಗೆ ಕೈ ಆಡಿಸಲು ಸಲೀಸು ಎಂದು ಅವರು ತುಕ್ಕು ಕೆರೆದರು. ಚೌಕಟ್ಟಿಗೆಲ್ಲ ಕೆಂಪು ಪ್ರೈಮರ್ ಹೊಡೆದು, ಅದರ ಮೇಲೆ ಎರಡು ಕೈ ಬೂದು ಎನಾಮೆಲ್ ಬಳಿದರು. ಅರ್ತಿಂಗ್ ರಾಡಿನ ಕೊಕ್ಕೆ ಮತ್ತು ತಾಮ್ರದ ತಂತಿಯನ್ನು ಮನೆಗೆ ಒಯ್ದು ಹೆಂಡತಿಯ ಕೈಲಿ ಹುಣಸೆಹಣ್ಣು ಹಾಕಿ ತಿಕ್ಕಿಸಿ ತಂದರು. ದೇವರ ಮನೆಯ ದೀಪದಂತೆ ಫಳಫಳ ಹೊಳೆಯುತ್ತಿತ್ತು.

"ಏನೋ ಅಪ್ಪಲರಾಜು, ಮದವಿ ಮನಿ ಮಾಡಿಯಲ್ಲೋ!" ಎಂದರು ಹೊಸಮನಿ ಸರ್.

"ಮತ್ತೇನು ಸಾರ್, ವರ್ಷಕ್ಕೊಮ್ಮೆ ಪೂಜ. ಅಮ್ಮವಾರು ತುಕ್ಕು ನೋಡಬೇಕಾ?"

ನನಗೂ ಚೆನ್ನಾಗಿ ಕಂಡಿತ್ತು. ಇಡೀ ಕೋಣೆ ಎನಾಮೆಲಿನ ವಾಸನೆ ಹೊಡೆಯುತ್ತಿತ್ತು. ಅದು ಹೊಸತನದ ವಾಸನೆ ಎಂದೇ ಆಗ ಅನಿಸಿತ್ತು.

ದಸರಾ ನಡುವೆ ನಾನು ವಿಜಯವಾಡಕ್ಕೆ ಟ್ರಾನ್ಸ್‌ಫಾರ್ಮರ್ ತರಲು ಹೋದೆ. ಊರೆಲ್ಲ ಕೆಂಪು ಬಟ್ಟೆ ಉಟ್ಟ ಭವಾನಿ ಭಕ್ತರು. ದುರ್ಗಮ್ಮನ ಬೆಟ್ಟದ ಕಡೆಯ ರಸ್ತೆಗಳನ್ನು ಪೊಲೀಸರು ಮುಚ್ಚಿದ್ದರು. ನಮ್ಮ ಬಾಡಿಗೆಯ ಬೊಲೆರೊ ಗವರ್ನರ್‌ಪೇಟೆಯ ಗಲ್ಲಿಗೆ ತಲುಪುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ವೆಂಕಟರತ್ನಂ ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹೊಸಮನಿ ರಾಲೇದಾ? ನಿನ್ನನ್ನ ಕಳಿಸಿದಾನಾ?"

"ಹೂಂ ಅಂಡಿ. ಅವರು ಗುಡ್ಡ ಬಿಟ್ಟು ಬರಲಿಲ್ಲ."

"ಅವನು ಗುಡ್ಡ ಬಿಡಡು, ಗುಡ್ಡ ಅವನನ್ನ ಬಿಡದು," ಎಂದು ನಕ್ಕು, ಟ್ರಾನ್ಸ್‌ಫಾರ್ಮರನ್ನು ಮಗುವಿಗೆ ಹೊದಿಸಿದ ಹಾಗೆ ಗೋಣಿಯಲ್ಲಿ ಸುತ್ತಿಸಿದರು. ಊಟ ಮಾಡದೆ ಬಿಡಲಿಲ್ಲ. ಅವರ ಮನೆಯ ಗೋಂಗೂರ ಪಚ್ಚಡಿಯ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ ಬೊಲೆರೊ ಹತ್ತಿದೆ.

ಟ್ರಾನ್ಸ್‌ಫಾರ್ಮರನ್ನು ಕೂರಿಸಿ, ಎಲ್ಲ ತಂತಿ ಜೋಡಿಸಿ ಮುಗಿಯುವಾಗ ಆಯುಧಪೂಜೆಯ ದಿನವೇ ಬಂದಿತ್ತು. ಮಧ್ಯಾಹ್ನ ಸ್ವಿಚ್ ಹಾಕಿದೆವು. ಗುಂಯ್ ಎಂಬ ಹಳೆಯ ಸದ್ದು ಮರಳಿತು. ಮ್ಯಾಗ್ನೆಟ್ರಾನಿನ ಕರೆಂಟ್ ಸರಿಯಾಗಿ ತೋರಿಸಿತು. ಪರದೆಯ ಮೇಲೆ ಕಡಲ ಕಡೆಯ ಮೋಡಗಳು ಮೂಡಿದವು. ಹೈವೋಲ್ಟೇಜ್ ಮೀಟರಿನ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ.

"ಮೀಟರ್ ಯಾಕ ನಿದ್ದಿ ಹೊಡ್ಯಾಕತ್ತೈತಿ?" ಎಂದು ಹೊಸಮನಿ ಸರ್ ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದರು. ಪೇಂಟ್ ಹೊಡೆಯುವಾಗ ಅದರ ವೈರು ಎಲ್ಲೋ ಸಡಿಲವಾಗಿರಬೇಕು ಎಂದುಕೊಂಡೆವು. ಕೆಲವೇ ನಿಮಿಷ ಓಡಿಸಿ ನಿಲ್ಲಿಸಿದೆವು. "ಪೂಜಾ ಆಗ್ಲಿ, ನಾಳೆ ತಗದ ನೋಡೋಣು," ಎಂದರು.

ಅಪ್ಪಲರಾಜು ನೆಲ ತೊಳೆದರು. ಪೆಟ್ಟಿಗೆಯ ಮುಂದಿನ ರಬ್ಬರ್ ಚಾಪೆಯನ್ನೂ ತೊಳೆದು ಹೊರಗಿನ ಗೋಡೆಗೆ ಒಣಹಾಕಿದರು. ಅವರ ಹೆಂಡತಿ ಬಂದು ಒದ್ದೆ ಸಿಮೆಂಟಿನ ಮೇಲೆ ದೊಡ್ಡ ಮುಗ್ಗು, ಅಂದರೆ ರಂಗೋಲಿ, ಹಾಕಿ ಹೋದರು. ಸ್ಪ್ಯಾನರು, ಸ್ಕ್ರೂಡ್ರೈವರು, ಮಲ್ಟಿಮೀಟರು ಎಲ್ಲವನ್ನೂ ಬಾಳೆಎಲೆಯ ಮೇಲೆ ಸಾಲಾಗಿ ಇಟ್ಟದ್ದಾಯಿತು. ನಾನು ಸೀರೆ ಉಟ್ಟು ಬಂದಿದ್ದೆ. ಚಪ್ಪಲಿ ಹೊರಗೆ ಬಿಟ್ಟಿದ್ದೆ.

ಪೆಟ್ಟಿಗೆಯ ಬಾಗಿಲು ತೆಗೆದು ಹೊಸಮನಿ ಸರ್ ಎಂದಿನಂತೆ ಕ್ಲಿಪ್ಪು ಕಚ್ಚಿಸಿ ರಾಡಿನ ಕೊಕ್ಕೆ ಮುಟ್ಟಿಸಿದರು. ಸದ್ದಿಲ್ಲ. ಕೊಕ್ಕೆಯನ್ನು ಅಲ್ಲೇ ತೂಗುಹಾಕಿದರು.

"ಮೇಡಂ ಗಾರು, ನೀವು ಇಡ್ರಿ ಬೊಟ್ಟು. ಹೆಣ್ಮಗಳ ಕೈಯಿಂದ ಆದರೆ ಮಂಚಿದಿ, ಒಳ್ಳೇದು," ಎಂದು ಅಪ್ಪಲರಾಜು ಕುಂಕುಮದ ಬಟ್ಟಲು ಹಿಡಿದರು.

ಬಾಗಿಲಿಗೆ ಇಟ್ಟೆ. ಟ್ರಾನ್ಸ್‌ಫಾರ್ಮರಿಗೆ ಇಟ್ಟೆ. ಕೆಪಾಸಿಟರಿನ ಡಬ್ಬ ಒಳಗೆ ಸ್ವಲ್ಪ ಹಿಂದಕ್ಕಿತ್ತು. ಎಡಗೈಯಿಂದ ಬಾಗಿಲಿನ ಕಬ್ಬಿಣದ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡು, ಒಳಗೆ ಬಗ್ಗಿ, ಉಂಗುರ ಬೆರಳಿನಲ್ಲಿ ಕುಂಕುಮ ತೆಗೆದುಕೊಂಡೆ. ಡಬ್ಬದ ಮೇಲೆ ಕರೆಂಟ್ ತಡೆಯುವ ಬಿಳಿ ಪಿಂಗಾಣಿಯ ಕುತ್ತಿಗೆ, ಅದರ ಮೇಲೆ ಟರ್ಮಿನಲ್. ಬೂದು ಡಬ್ಬದ ಮೇಲೆ ಕುಂಕುಮ ಕಾಣುವುದಿಲ್ಲ ಎನಿಸಿತು. ಬಿಳಿ ಪಿಂಗಾಣಿಯ ಮೇಲೆ ಇಟ್ಟೆ. ಬೊಟ್ಟು ದುಂಡಗೆ ಬರಲಿಲ್ಲವೆಂದು ಇನ್ನೊಮ್ಮೆ ಬೆರಳು ಹಾಕಿ ತಿದ್ದಿದೆ. ಟರ್ಮಿನಲ್ ಅಲ್ಲಿಂದ ಒಂದು ಅಂಗುಲ ಮೇಲಿತ್ತು.

ಮರುದಿನ ಬೆಳಿಗ್ಗೆ ಮಳೆಮೋಡ ಕವಿದಿತ್ತು. ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ರಾಡಾರ್ ಆದಷ್ಟು ಬೇಗ ಬೇಕು ಎಂದು ಫೋನ್ ಬಂದಿತ್ತು. ಹೊಸಮನಿ ಸರ್ ಬಂದವರೇ ಮೊದಲು ರಬ್ಬರ್ ಚಾಪೆ ಎಲ್ಲಿ ಎಂದು ಕೇಳಿದರು. ತಾವೇ ಹೊರಗಿನಿಂದ ಎಳೆದು ತಂದು, ಅಪ್ಪಲರಾಜು ಮುಖ ಸಿಂಡರಿಸಿದರೂ ಮುಗ್ಗಿನ ಮೇಲೆಯೇ ಹಾಸಿದರು. ಮೇನ್ ಸ್ವಿಚ್ಚಿಗೆ ಬೀಗ ಹಾಕಿಯೇ ಇತ್ತು. ಅದರ ಕೀಲಿಯನ್ನು ಕಿಸೆಗಿಟ್ಟುಕೊಂಡು, ಬಾಗಿಲು ತೆರೆದು, ನಿನ್ನೆಯಿಂದ ತೂಗುಹಾಕಿದ್ದ ರಾಡನ್ನು ಎತ್ತಿ ಮತ್ತೊಮ್ಮೆ ಮುಟ್ಟಿಸಿದರು. ಸದ್ದಿಲ್ಲ. ಬಿಚ್ಚಬೇಕಿದ್ದ ಮೀಟರಿನ ವೈರಿನ ನಟ್ ಆ ಟರ್ಮಿನಲ್ಲಿನ ಬಳಿಯೇ ಇದ್ದದ್ದರಿಂದ ರಾಡ್ ತೆಗೆದು ಪಕ್ಕಕ್ಕಿಟ್ಟರು. ಎಡಗೈ ಕಿಸೆಗೆ ಹೋಯಿತು.

ಆಗ ಅವರಿಗೆ ಕುಂಕುಮ ಕಂಡಿತು.

"ಏನವಾ ಚೈತ್ರಾ, ಪಿಂಗಾಣಿಗೆ ಕುಂಕುಮ ಇಟ್ಟೀ? ಕರೆಂಟಿಗೆ ಏಣಿ ಹಾಕಿ ಕೊಟ್ಟಂಗಾತಲ್ಲ!"

ನನಗೆ ನಾಚಿಕೆಯಾಯಿತು. ಒರೆಸುವ ಬಟ್ಟೆ ಕೊಟ್ಟೆ. ಅವರು ಬಟ್ಟೆಯನ್ನು ನೋಡಿದರು. ಎಣ್ಣೆ ಮಸಿ ಹತ್ತಿದ ಹಳೇ ಚಿಂದಿ. "ಬ್ಯಾಡ, ಕುಂಕುಮ ಇದರಾಗ ಒರಸಬಾರದು," ಎಂದು ಬಟ್ಟೆ ವಾಪಸು ಕೊಟ್ಟು, ಬರಿಯ ಬೆರಳನ್ನೇ ಮುಂದೆ ಚಾಚಿದರು. ಬಗ್ಗಿದಾಗ ಅವರ ಮೊಣಕಾಲು ಪೆಟ್ಟಿಗೆಯ ಕೆಳಗಿನ ಬೋಲ್ಟಿಗೆ ಒತ್ತಿಕೊಂಡಿತ್ತು. ಅದನ್ನು ನಾನು ನೋಡಿದೆ. ನೋಡಿದೆ ಎಂಬುದು ಆಮೇಲೆ ಗೊತ್ತಾಯಿತು.

"ಸಾರ್ ಸಾರ್! ವದ್ದು!" ಅಪ್ಪಲರಾಜು ಹಿಂದಿನಿಂದ ಕೂಗಿದರು. "ಇನ್ನಾ ಉದ್ವಾಸನ ಆಗಿಲ್ಲ. ಪೂಜ ಎತ್ತದೆ ಬೊಟ್ಟು ಅಳಿಸ್ತಾರಾ ಎವರಾದ್ರೂ? ಹಬ್ಬದ ದಿನ ಬೇಡ್ರಿ ಸಾರ್."

ಹೊಸಮನಿ ಸರ್ ಬೆರಳು ಹಾಗೇ ಗಾಳಿಯಲ್ಲಿ ನಿಂತಿತು. "ಅಲ್ಲೋ ಮಾರಾಯಾ, ಮಷೀನಿಗೆ ಯಾವ ಉದ್ವಾಸನಿ?"

"ನಿಮಗ ಮಷೀನು, ನಾಕು ಅಮ್ಮವಾರು."

"ಆತು ಬಿಡಪಾ. ವೈರ್ ಅಷ್ಟ ಬಿಚ್ಚತೇನಿ, ನಿನ್ನ ಅಮ್ಮವಾರನ್ನ ಮುಟ್ಟೂದಿಲ್ಲ. ಹೇಳಿ ಕೇಳಿ ಒಂದ ಸ್ಪ್ಯಾನರ್ ಆದರೂ ಕೊಡತೀಯೋ, ಅದಕ್ಕೂ ಉದ್ವಾಸನಿ ಆಗಬೇಕೋ?"

ಅಪ್ಪಲರಾಜು ಗೊಣಗುತ್ತ ಬಾಳೆಎಲೆಯ ಮೇಲಿನ ಒಂದು ಸ್ಪ್ಯಾನರಿಗೆ ಕೈಮುಗಿದು ಎತ್ತಿಕೊಟ್ಟರು. ಅದಕ್ಕೂ ಕುಂಕುಮ ಇತ್ತು. ಹೊಸಮನಿ ಸರ್ ನನ್ನ ಕಡೆ ನೋಡಿ ಕಣ್ಣು ಹೊಡೆದು, ಸ್ಪ್ಯಾನರನ್ನು ಒಳಗೆ ಚಾಚಿದರು.

ಸದ್ದನ್ನು ನಾನು ಕೇಳಿದೆ ಎಂದು ಹೇಳಲಾರೆ. ಕೋಣೆಯೇ ಒಮ್ಮೆ ಬೆಳ್ಳಗಾಯಿತು. ಎದೆಯ ಮೇಲೆ ಯಾರೋ ಹಲಗೆಯಿಂದ ಹೊಡೆದ ಹಾಗಾಯಿತು. ಕಣ್ಣು ಬಿಟ್ಟಾಗ ಹೊಸಮನಿ ಸರ್ ಚಾಪೆಯ ಮೇಲೆ ಕೂತಿದ್ದರು. ಸ್ಪ್ಯಾನರ್ ಕೋಣೆಯ ಆ ಮೂಲೆಯಲ್ಲಿತ್ತು. ಅದರ ಬಾಯಿಯ ಒಂದು ಬದಿ ಮೇಣದಂತೆ ಕರಗಿ ತುಂಡಾಗಿತ್ತು. ಅವರ ಬಲಗೈಯ ಬೆರಳ ತುದಿಗಳು ಕಪ್ಪಾಗಿದ್ದವು. ಎಡಗೈ ಇನ್ನೂ ಕಿಸೆಯಲ್ಲೇ ಇತ್ತು.

"ಸ್ವಿಚ್ ಯಾರ್ ಹಾಕಿದ್ರು?" ಎಂದು ಅವರು ಕೂಗಿದರು. ಕಿವಿ ಕೇಳಿಸದೆ ಜೋರಾಗಿ ಕೂಗುತ್ತಿದ್ದರು. "ಯಾರ್ ಹಾಕಿದ್ರು ಸ್ವಿಚ್ಚು?"

ಯಾರೂ ಹಾಕಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಎಡಗೈಯನ್ನು ಕಿಸೆಯಿಂದ ಹೊರಗೆ ತೆಗೆದರು. ಮುಷ್ಟಿ ಬಿಚ್ಚಲು ಇನ್ನೊಂದು ಕೈಯ ಸಹಾಯ ಬೇಕಾಯಿತು. ಒಳಗೆ ಕೀಲಿ ಇತ್ತು. ಅಂಗೈಯಲ್ಲಿ ಅದರ ಹಲ್ಲಿನ ಗುರುತು ಮೂಡಿತ್ತು.

ಅವರು ಆ ಕೀಲಿಯನ್ನು ನೋಡುತ್ತ ಕೂತರು. ಕರೆಂಟ್ ಹೊರಗಿನಿಂದ ಬಂದಿಲ್ಲ ಎಂದರೆ ಒಳಗೇ ಇತ್ತು, ನಿನ್ನೆ ಮಧ್ಯಾಹ್ನದಿಂದ ಇತ್ತು. ಎಷ್ಟೋ ಭಾಗ ತಾನಾಗಿ ಸೋರಿರಬೇಕು. ಉಳಿದದ್ದು ಎಷ್ಟೆಂದು ಯಾರೂ ಅಳೆಯಲಿಲ್ಲ. ಸ್ಪ್ಯಾನರಿನ ಬಾಯಿ ಟರ್ಮಿನಲ್ಲಿಗೂ ಅದರ ನಡು ಡಬ್ಬದ ಅಂಚಿಗೂ ಒಟ್ಟಿಗೇ ತಾಗಿ, ಅಷ್ಟೂ ಅವರ ಮೈಯಲ್ಲಿ ಹೋಗದೆ ಸ್ಪ್ಯಾನರಿನ ಮೂಲಕವೇ ಹಾದುಹೋಗಿತ್ತು.

ಆಮೇಲೆ ಅವರು ರಾಡಿನ ತಂತಿಯನ್ನು ಕಣ್ಣಿನಿಂದಲೇ ಹಿಂಬಾಲಿಸಿದರು. ಹೊಳೆಯುವ ಕೊಕ್ಕೆ, ಹೊಳೆಯುವ ತಾಮ್ರ, ಕ್ಲಿಪ್ಪು, ಚೌಕಟ್ಟು. ಎದ್ದು ಹೋಗಿ ಕ್ಲಿಪ್ಪು ಬಿಚ್ಚಿದರು. ಬೋಳು ಕಬ್ಬಿಣ ಇರುತ್ತಿದ್ದ ಜಾಗ ಚೌಕಟ್ಟಿನ ಉಳಿದ ಭಾಗದಷ್ಟೇ ನುಣ್ಣಗೆ, ಬೂದಾಗಿ ಮಿನುಗುತ್ತಿತ್ತು. ಎಡಗೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಕೆರೆದರು. ಮೊದಲು ಬೂದು ಬಂತು, ಆಮೇಲೆ ಕೆಂಪು, ಕೊನೆಗೆ ಕಬ್ಬಿಣ.

ಸುಟ್ಟ ಎನಾಮೆಲಿನ ವಾಸನೆ ಕೋಣೆ ತುಂಬಿತ್ತು. ಮೂವರೂ ಆ ಕೆರೆದ ಜಾಗವನ್ನು ನೋಡುತ್ತ ನಿಂತೆವು. ನಿನ್ನೆಯೂ ಇಂದೂ ರಾಡ್ ಮುಟ್ಟಿಸಿದಾಗ ಸದ್ದು ಬಾರದಿದ್ದದ್ದು ಕೆಪಾಸಿಟರ್ ಖಾಲಿಯಿದ್ದುದರಿಂದ ಅಲ್ಲ, ನಡುವೆ ಬಣ್ಣವಿದ್ದು ರಾಡಿಗೆ ನೆಲವೇ ಸಿಕ್ಕಿರಲಿಲ್ಲ. ಅಪ್ಪಲರಾಜು ಹೊರಗೆ ಹೋಗಿ ಜನರೇಟರ್ ಶೆಡ್ಡಿನ ಗೋಡೆಗೆ ಮುಖ ಮಾಡಿ ನಿಂತರು.

ನಾನು ಪಿಂಗಾಣಿಯ ಮೇಲಿನ ಕುಂಕುಮ ನೋಡುತ್ತಿದ್ದೆ. ಅಷ್ಟು ದೊಡ್ಡ ಬೆಂಕಿಗೂ ಅದು ಅಳಿಸಿರಲಿಲ್ಲ. ಒಂದು ಬದಿಯಲ್ಲಿ ತಿದ್ದಿದ ಗುರುತು ಕಾಣುತ್ತಿತ್ತು. ನಿನ್ನೆ ನನ್ನ ಕಾಲ ಕೆಳಗೆ ಚಾಪೆ ಇರಲಿಲ್ಲ, ಒದ್ದೆ ನೆಲವಿತ್ತು. ಸೀರೆಗೆ ಕಿಸೆ ಇರಲಿಲ್ಲ. ಎಡಗೈ ಕಬ್ಬಿಣದ ಹಿಡಿಯ ಮೇಲಿತ್ತು. ಇಂದು ಉಳಿದಿದ್ದಕ್ಕಿಂತ ನಿನ್ನೆ ಒಳಗೆ ಹೆಚ್ಚೇ ಇತ್ತು.

"ಸರ್," ಎಂದೆ. ಅವರಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ಹೇಳಿದೆ. "ಸರ್, ನಿನ್ನೆ ನಾನು ಅಲ್ಲಿ ಬೆರಳು ಹಾಕಿದ್ದೆ. ಎರಡು ಸಲ."

"ಗೊತ್ತೈತಿ," ಎಂದರು. ಈ ಸಲ ಕೂಗಲಿಲ್ಲ. "ನಾ ಅದನ್ನs ಕುಂತು ವಿಚಾರ ಮಾಡಾಕತ್ತೇನಿ."

ಆಸ್ಪತ್ರೆಗೆ ಹೋಗಿ ಬೆರಳಿಗೆ ಪಟ್ಟಿ ಹಾಕಿಸಿಕೊಂಡು ಬಂದರು. ಎದೆಯ ಪರೀಕ್ಷೆ ಮಾಡಿಸಿದ್ದೂ ನಾನು ಹಠ ಹಿಡಿದ ಮೇಲೆ. ದಾರಿಯಲ್ಲಿ ಅವರ ಹೆಂಡತಿ ಗಿರಿಜಕ್ಕ ಫೋನ್ ಮಾಡಿದರು. ಕಿವಿ ಸರಿಯಾಗಿ ಕೇಳದ ಕಾರಣ ಸ್ಪೀಕರಿಗೆ ಹಾಕಿದ್ದರು.

"ಮಧ್ಯಾಹ್ನ ಊಟಕ್ಕ ಬರತೀರಿಲ್ಲೋ? ಹೋಳಿಗಿ ಮಾಡೇನಿ."

"ಬರತೇನಿ. ಕೈಗೆ ಸ್ವಲ್ಪ ಚಹಾ ಚೆಲ್ಲೈತಿ. ಮತ್ತೇನಿಲ್ಲ."

"ಯಾಕ ಒದರಾಕತ್ತೀರಿ ಹಂಗ?"

"ಇಲ್ಲಿ ಗಾಳಿ ಭಾಳ ಐತಿ."

ಮಧ್ಯಾಹ್ನದ ಮೇಲೆ ಸ್ಟೋರಿನಲ್ಲಿದ್ದ ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ ಹೊಸ ಬ್ಲೀಡರ್ ಮಾಡಿದೆವು. ಹಳೆಯದನ್ನು ಮಲ್ಟಿಮೀಟರಿಗೆ ಹಚ್ಚಿ ನೋಡಿದಾಗ ಅದು ಒಳಗೇ ಕಡಿದಿತ್ತು. ಮೀಟರ್ ಸೊನ್ನೆ ತೋರಿಸಿದ್ದೂ ಅದರಿಂದಲೇ. ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ಹೊಸಮನಿ ಸರ್ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು, ನಾವಿಬ್ಬರು ಮಾಡುತ್ತಿದ್ದೆವು. ಅಪ್ಪಲರಾಜು ಚೌಕಟ್ಟಿನ ಆ ಜಾಗವನ್ನು ಉಪ್ಪುಕಾಗದದಿಂದ ತಿಕ್ಕಿದರು. ಸಾಕು ಎಂದರೂ ತಿಕ್ಕುತ್ತಿದ್ದರು. ಕೆಲಸ ಮುಗಿದ ಮೇಲೆ ಹೊಸಮನಿ ಸರ್ ಅವರ ಭುಜ ತಟ್ಟಿದರು.

"ಬಣ್ಣ ಹಚ್ಚಿದ್ದ ನೀನ. ಬೆರಳ ತಡದಿದ್ದೂ ನೀನ. ಲೆಕ್ಕ ಎಲ್ಲಿಗೆ ಮುಟ್ಟಿಸಬೇಕೋ ನನಗ ತಿಳೀವಲ್ದು. ಚಹಾ ಮಾಡು ಹೋಗು."

ಸಂಜೆಯ ಹೊತ್ತಿಗೆ ರಾಡಾರ್ ನಡೆಯಿತು. ಮೀಟರಿನ ಮುಳ್ಳು ಏರಿತು. ಪರದೆಯ ಮೇಲೆ ಕೊಲ್ಲಿಯ ಮೋಡ ಸುತ್ತಿಕೊಳ್ಳುತ್ತಿದ್ದದ್ದು ಕಂಡಿತು. ಅದು ನಮ್ಮ ಕಡೆಗೆ ಬರಲಿಲ್ಲ. ಉತ್ತರಕ್ಕೆ ತಿರುಗಿ ದುರ್ಬಲವಾಯಿತು. ವಿಶಾಖಪಟ್ಟಣದಲ್ಲಿ ಎರಡು ದಿನ ಜೋರು ಮಳೆ ಸುರಿದು, ಬಂದರಿನ ರಸ್ತೆಯಲ್ಲಿ ನೀರು ನಿಂತು ಇಳಿಯಿತು.

ಆಮೇಲಿನ ದಿನಗಳಲ್ಲಿ ನನಗೆ ನಿದ್ದೆ ಕೆಟ್ಟಿತು ಎಂದೇನಿಲ್ಲ. ಕೆಲಸ ಮಾಡುತ್ತಲೇ ಇದ್ದೆ. ಆದರೆ ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಕಂಬಿ ಹಿಡಿದಾಗ, ಆ ಬೊಟ್ಟನ್ನು ತಿದ್ದಲು ಬೆರಳು ಎರಡನೆಯ ಸಲ ಒಳಗೆ ಹೋಗುವುದು ಕಣ್ಣಿಗೆ ಕಟ್ಟುತ್ತಿತ್ತು. ಒಂದು ಅಂಗುಲ. ಬೊಟ್ಟನ್ನು ಸ್ವಲ್ಪ ಮೇಲೆ ಇಡಬಹುದಿತ್ತು. ಹಾಗೆ ಇಡದೆ ಕೆಳಗೆ ಯಾಕೆ ಇಟ್ಟೆ ಎಂಬುದಕ್ಕೆ ನನ್ನಲ್ಲಿ ಕಾರಣವಿರಲಿಲ್ಲ. ಈಗಲೂ ಇಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮ ಹಬ್ಬ ಹೇಗಾಯಿತು ಎಂದು ಕೇಳಿದಳು. ಚೆನ್ನಾಗಾಯಿತು, ನನ್ನ ಕೈಯಿಂದಲೇ ಕುಂಕುಮ ಇಡಿಸಿದರು ಎಂದೆ. ಅಮ್ಮನಿಗೆ ಸಂತೋಷವಾಯಿತು.

ಮಳೆ ಹೊಳವಾದ ಒಂದು ಬೆಳಿಗ್ಗೆ ಅಪ್ಪಲರಾಜು ನಮ್ಮಿಬ್ಬರನ್ನೂ ಸಿಂಹಾಚಲಂಗೆ ಕರೆದುಕೊಂಡು ಹೋದರು. ಹರಕೆ ಎಂದಷ್ಟೇ ಹೇಳಿದರು. ಏನು ಹರಕೆ ಎಂದು ನಾವು ಕೇಳಲಿಲ್ಲ. ಬೆಟ್ಟದ ಮೇಲೆ ಸಂಪಿಗೆ ಮಾರುವವರ ಸಾಲು ದಾಟಿ, ಕಬ್ಬಿಣದ ಕಂಬಿಗಳ ನಡುವಿನ ಕ್ಯೂನಲ್ಲಿ ನಿಂತೆವು. ಹೊಸಮನಿ ಸರ್ ಬೆರಳ ಪಟ್ಟಿ ಬಿಚ್ಚಿದ್ದರು, ಹೊಸ ಚರ್ಮ ಗುಲಾಬಿ ಬಣ್ಣಕ್ಕಿತ್ತು. ಜನ ತಳ್ಳುತ್ತಿದ್ದರು. ಹಿಂದಿನ ಅಜ್ಜಿಯೊಬ್ಬರು "ಜರುಗಮ್ಮಾ, ಜರುಗು" ಎಂದು ನನ್ನ ಬೆನ್ನಿಗೆ ತಿವಿಯುತ್ತಿದ್ದರು. ದರ್ಶನ ಮುಗಿದು ತೀರ್ಥ ಕೊಡುವಲ್ಲಿಗೆ ಬಂದಾಗ ನಾನು ಬಲಗೈ ಚಾಚಿದೆ.

ಅರ್ಚಕರು ಉದ್ಧರಣೆ ಎತ್ತಿ ಹಿಡಿದವರು ಹಾಕಲಿಲ್ಲ. "ರೆಂಡು ಚೇತುಲೂ ಪಟ್ಟಮ್ಮಾ," ಎಂದರು. ಎರಡೂ ಕೈ ಹಿಡಿ ಎಂದು.

ನನ್ನ ಎಡಗೈ ಕಿಸೆಯಲ್ಲಿತ್ತು. ಯಾವಾಗ ಹೋಗಿತ್ತೋ ಗೊತ್ತಿರಲಿಲ್ಲ. ಪಕ್ಕಕ್ಕೆ ತಿರುಗಿದರೆ ಹೊಸಮನಿ ಸರ್ ಕೂಡ ಹಾಗೇ ನಿಂತಿದ್ದರು, ಬಲಗೈ ಮುಂದೆ, ಎಡಗೈ ಪ್ಯಾಂಟಿನ ಕಿಸೆಯಲ್ಲಿ. ಅರ್ಚಕರು ಅವರನ್ನೂ ನನ್ನನ್ನೂ ಒಮ್ಮೆ ನೋಡಿದರು.

"ದೇವುಡಿ ಹತ್ರ ಕೂಡಾ ಕರೆಂಟಾ ಸಾರ್?" ಎಂದು ಹಿಂದಿನಿಂದ ಅಪ್ಪಲರಾಜು ಅಂದರು. ಆ ದಿನದ ನಂತರ ಅವರು ಆಡಿದ ಮೊದಲ ತಮಾಷೆ ಅದು.

ಹೊಸಮನಿ ಸರ್ ನಗುತ್ತಲೇ ಕೈ ತೆಗೆದರು. ನಾನೂ ತೆಗೆಯಲು ಹೋದೆ. ಮುಂದೆ ಕ್ಯೂನ ಕಬ್ಬಿಣದ ಕಂಬಿ ಇತ್ತು. ಅದಕ್ಕೆ ಎಲ್ಲಿಯೂ ತಾಗದ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು, ಅಜ್ಜಿಯ ಕಾಲು ತುಳಿದು, ಆಮೇಲೆ ಎಡಗೈಯನ್ನು ಹೊರಗೆ ತೆಗೆದು ಬಲಗೈಯ ಕೆಳಗೆ ಹಿಡಿದೆ. ತೀರ್ಥ ತಣ್ಣಗಿತ್ತು.